ಖಾಕಿ ಅಂಗಿಯ ಮುಖಪುಟ

ಮುಖಪುಟಕ್ಕೆ ಮುಹೂರ್ತ ಮಾಡಬೇಕು ಎಂದು ನಮ್ಮ ತಂಡದ ಲೀಡರ್ ಹೇಳಿದಾಗ, ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕುಬಿಟ್ಟೆ. ಅವನು ನಗಲಿಲ್ಲ. ಹುಬ್ಬಿನ ನಡುವೆ ಒಂದು ಗೆರೆ ಮೂಡಿಸಿಕೊಂಡ. ಯಾವುದೋ ನಟನನ್ನು ನೋಡಿ ಕನ್ನಡಿ ಮುಂದೆ ಅಭ್ಯಾಸ ಮಾಡಿದ ಗೆರೆ ಅದು.

“ಆಂಟಿ, ಸಿನಿಮಾದವರು ಕೆಲಸ ಶುರು ಮಾಡೋದೇ ಹಂಗೆ. ನಿಮಗೆ ಇಂಡಸ್ಟ್ರಿ ಗೊತ್ತಿಲ್ಲ.”

ಇಂಡಸ್ಟ್ರಿ ಅವನಿಗೂ ಗೊತ್ತಿರಲಿಲ್ಲ. ಮದುವೆ ನಿಶ್ಚಯವಾದ ಹುಡುಗ ಹುಡುಗಿಯರನ್ನು ಕೆರೆ ದಂಡೆಯಲ್ಲಿ ನಿಲ್ಲಿಸಿ, ಹಿಂದೆ ಬಣ್ಣದ ಹೊಗೆ ಬಿಟ್ಟು ಫೋಟೊ ತೆಗೆಯುವ ಕೆಲಸವನ್ನು ಭಾನುವಾರಗಳಲ್ಲಿ ಮಾಡುತ್ತಿದ್ದ, ಅಷ್ಟೇ. ಆ ಹೊಗೆಯೇ ಅವನ ತಲೆಗೂ ಹತ್ತಿತ್ತು.

ನಾವು ಪತ್ರಿಕೋದ್ಯಮ ಡಿಪ್ಲೊಮಾದ ಕೊನೆಯ ಪ್ರಾಜೆಕ್ಟಿನಲ್ಲಿದ್ದೆವು. ಇಲ್ಲದ ಒಂದು ಸಿನಿಮಾವನ್ನು ಕಲ್ಪಿಸಿಕೊಂಡು, ಅದರ ಬಗ್ಗೆ ಬರೆಯುವ ಸಿನಿಮಾ ಪತ್ರಿಕೆಯೊಂದರ ಮುಖಪುಟ ಮಾಡಿ, ಅಚ್ಚು ಹಾಕಿಸಿ ಒಪ್ಪಿಸಬೇಕು. ಚಿತ್ರ ನಾವೇ ತೆಗೆದದ್ದಾಗಿರಬೇಕು. ಇಂಟರ್‌ನೆಟ್ಟಿನಿಂದ ಎತ್ತಿದ್ದು ಅಂತ ಗೊತ್ತಾದರೆ ಫೇಲು. ತಂಡಕ್ಕೆ ಮೂವರು. ನಮ್ಮದರಲ್ಲಿ ಈ ಲೀಡರ್, ಮಾತು ಕಡಿಮೆಯ ಒಬ್ಬಳು ಹುಡುಗಿ, ಮತ್ತೆ ಅವರಿಬ್ಬರ ತಾಯಂದಿರ ವಯಸ್ಸಿನ ನಾನು. ತಂಡ ಮಾಡಿದವರು ನಮ್ಮ ವಿಭಾಗದ ಮುಖ್ಯಸ್ಥರು, ಎಚ್‌ಒಡಿ ಸರ್. ಹಬ್ಬದ ದಿನ ಉಳಿದ ಪಲ್ಯವನ್ನು ಯಾವುದಾದರೂ ಡಬ್ಬಿಗೆ ಹಾಕುವ ಹಾಗೆ ನನ್ನನ್ನು ಈ ತಂಡಕ್ಕೆ ಹಾಕಿದ್ದರು. ಪುಟ ವಿನ್ಯಾಸ ನನ್ನ ಪಾಲಿಗೆ ಬಂತು. ಅದು ಕೂತು ಮಾಡುವ ಕೆಲಸ, ತಾನು ಓಡಾಡಿ ಮಾಡುವವನು ಅಂತ ಲೀಡರ್ ಹೇಳಿದ. ಓಡಾಡಿದ್ದಂತೂ ನಿಜ.

ಸಿನಿಮಾ ಯಾವುದಿರಬೇಕು ಅನ್ನುವಲ್ಲಿ ಮಾತ್ರ ನಾವಿಬ್ಬರು ಹೆಂಗಸರು ಗೆದ್ದೆವು. ಲೀಡರ್‌ಗೆ ಮಚ್ಚು ಹಿಡಿದ ನಾಯಕ ಬೇಕಿತ್ತು. ಹುಡುಗಿಯ ತಾಯಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಒಬ್ಬ ಮಹಿಳಾ ಕಂಡಕ್ಟರ್ ಕಥೆ ಇರಲಿ, ‘ಕಡೇ ಟ್ರಿಪ್ಪು’ ಅಂತ ಹೆಸರಿಡೋಣ ಅಂದೆ. ಹುಡುಗಿ ಕೈ ಎತ್ತಿದಳು. ಎರಡಕ್ಕೆ ಒಂದು. ಪತ್ರಿಕೆಗೆ ‘ಮೊದಲಾಟ’ ಅಂತ ನಾನು ಬರೆದಿಟ್ಟ ಹೆಸರನ್ನು ಅವನು ಓದಲೂ ಇಲ್ಲ, ಹಾಗಾಗಿ ಅದೂ ಉಳಿಯಿತು.

ಮುಖಪುಟಕ್ಕೆ ಹುಡುಗಿಯೇ ಕಂಡಕ್ಟರ್ ಆಗಬೇಕು. ಯೂನಿಫಾರಂ ಬೇಕು. ತಾಯಿ ಕೊಡುವುದಿಲ್ಲ ಅಂದರಂತೆ. ಹಾಗಾಗಿ ಅವರ ವಾರದ ರಜೆಯ ದಿನ ಲಕ್ಷ್ಮೀಪುರಂನ ನಮ್ಮ ಮನೆಯಿಂದ ಆಟೊ ಹಿಡಿದು ಶ್ರೀರಾಂಪುರದ ಅವರ ಮನೆಗೆ ಹೋದೆ. ಅರ್ಧಂಬರ್ಧ ಎದ್ದ ಕಟ್ಟಡಗಳ ನಡುವೆ ಒಂದು ಮೊದಲನೇ ಮಹಡಿ. ಬಾಲ್ಕನಿಯ ತಂತಿಯ ಮೇಲೆ ಖಾಕಿ ಅಂಗಿಯನ್ನು ತಲೆಕೆಳಗಾಗಿ ಒಣಗಿಸಿದ್ದರು. ತೋಳುಗಳು ನೆಲಕ್ಕೆ ಇಳಿಬಿದ್ದಿದ್ದವು.

“ನೀವು ಬಂದಿದ್ದೀರಿ ಅಂತ ಒಳಗೆ ಕರೆದೆ. ಆ ಗಡ್ಡದ ಹುಡುಗ ಬಂದಿದ್ರೆ ಗೇಟಲ್ಲೇ ಇಳಿಸ್ಬುಡ್ತಿದ್ದೆ,” ಅಂದರು ಕಾಫಿ ಲೋಟ ನನ್ನ ಮುಂದಿಟ್ಟು.

“ಒಂದು ಫೋಟೊ ಅಷ್ಟೇ. ಮರ್ಯಾದೆಯಾಗಿ ತೆಗಿತೀವಿ.”

“ಎಲ್ಲಾರೂ ಅಂಗೇ ಅಂತಾರೆ ಮೇಡಂ. ಹೋದ ವರ್ಷ ಯಾವನೋ ನಮ್ಮ ಬಸ್ಸಲ್ಲಿ ರೀಲ್ಸ್ ಮಾಡ್ದ. ಹಿಂದ್ಗಡೆ ನಿಂತು ನಾನು ನಗ್ತಿದ್ದೆ ಅಂತ ನಂಗೆ ಮೆಮೊ. ಕುಣಿದೋನಿಗೆ ಲೈಕು, ನಕ್ಕೋಳಿಗೆ ಮೆಮೊ. ಇನ್ನೊಂದು ಸಲ ಯೂನಿಫಾರಂಗೆ ಅವಮಾನ ಆಯ್ತು ಅಂದ್ರೆ ಸಸ್ಪೆಂಡ್ ಅಂತ ಡಿಪೊದಲ್ಲಿ ಬರೆಸ್ಕಂಡವ್ರೆ.”

“ಅದು ನನಗೆ ಬಿಡಿ.”

“ನಿಮಗೆ ಬುಟ್ರೆ? ನೀವು ಕಾನ್ವೆಂಟಲ್ಲಿ ಓದಿದೋರು, ಮೆತ್ತಗೆ ಮಾತಾಡ್ತೀರಿ. ಅವನು ನಿಮ್ಮ ಮಾತು ಕೇಳ್ತಾನಾ?”

ಕೇಳುವ ಹಾಗೆ ಮಾಡುತ್ತೇನೆ ಅಂದೆ. ಅವರು ಎದ್ದು ಬೀರುವಿನಿಂದ ಇನ್ನೊಂದು ಜೊತೆ ತೆಗೆದರು. ಹೆಸರಿನ ಬಿಲ್ಲೆ ಬಿಚ್ಚಿಕೊಂಡರು. ಷರತ್ತುಗಳನ್ನು ಟಿಕೆಟ್ ಹರಿಯುವ ವೇಗದಲ್ಲಿ ಹೇಳಿದರು: ಅಂಗಿಗೆ ಗಂಟು ಕಟ್ಟಂಗಿಲ್ಲ, ಕಪ್ಪು ಕನ್ನಡಕ ಹಾಕಂಗಿಲ್ಲ, ಮೇಲಿನ ಗುಂಡಿ ಬಿಚ್ಚಂಗಿಲ್ಲ, ಕುಣಿಯಂಗಿಲ್ಲ.

“ಮಾತು ಕೊಡಿ.”

ಕೊಟ್ಟೆ. ಮಡಿಕೆ ಮುರಿಯದ ಹಾಗೆ ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಎಡ ಭುಜಕ್ಕಿಂತ ಬಲ ಭುಜದ ಬಣ್ಣ ಹೆಚ್ಚು ಮಾಸಿ ನುಣುಪಾಗಿತ್ತು. ಚೀಲದ ಪಟ್ಟಿ ಉಜ್ಜಿದ ಜಾಗ.

ಮುಹೂರ್ತ ಕಾಲೇಜಿನ ಮೈದಾನದಲ್ಲಿ, ನಡು ಮಧ್ಯಾಹ್ನದಲ್ಲಿ ನಡೆಯಿತು. ರಾಹುಕಾಲ ತಪ್ಪಿಸಿದ್ದರು, ಬಿಸಿಲನ್ನು ತಪ್ಪಿಸಿರಲಿಲ್ಲ. ಫೋಟೊಗೆ ಯಾವ ಬೆಳಕು ಬೇಕು ಅನ್ನುವುದು ನಮ್ಮ ಪಠ್ಯದಲ್ಲಿ ಒಂದು ಇಡೀ ಅಧ್ಯಾಯ ಇದೆ. ಯಾವ ಗಳಿಗೆ ಬೇಕು ಅನ್ನುವುದು ಇಲ್ಲ. ಮುಖಪುಟ ಇನ್ನೂ ಹುಟ್ಟಿರಲಿಲ್ಲ, ಅದರ ಶುಭಾಶಯದ ಫ್ಲೆಕ್ಸ್ ಆಗಲೇ ಎರಡು ಮರಗಳ ನಡುವೆ ತೂಗುತ್ತಿತ್ತು. ಅದರ ತುಂಬ ದುಂಡು ದುಂಡು ಚಿತ್ರಗಳಲ್ಲಿ ಎಚ್‌ಒಡಿ ಸರ್, ಮುಖ್ಯ ಅತಿಥಿ, ಲೀಡರ್‌ನ ಗೆಳೆಯರು. ಮುಖ್ಯ ಅತಿಥಿಯವರು ಯಾವುದೋ ಧಾರಾವಾಹಿಯಲ್ಲಿ ನ್ಯಾಯಾಧೀಶರಾಗಿ ಕೂತಿದ್ದರಂತೆ. ಇಲ್ಲಿಯೂ ಹಾಗೆಯೇ ಕೂತರು.

ಕಾಯಿ ಒಡೆದರು. ಕ್ಯಾಮೆರಾಕ್ಕೆ ಹಾರ ಹಾಕಿದರು. ಎಚ್‌ಒಡಿ ಸರ್ ಒದ್ದೆ ಕುಂಕುಮದಲ್ಲಿ ಹೆಬ್ಬೆರಳು ಅದ್ದಿ, ಭಕ್ತಿಯಿಂದ, ಲೆನ್ಸಿನ ಗಾಜಿನ ಮೇಲೆಯೇ ಒತ್ತಿದರು. ನಾನು ಹತ್ತಿರದಲ್ಲೇ ಇದ್ದೆ. ಕರ್ಪೂರ ಆರಿದ ಮೇಲೆ ಲೀಡರ್ ಕಿವಿಯ ಬಳಿ ಹೋಗಿ, “ಲೆನ್ಸ್ ಒರೆಸಪ್ಪ,” ಅಂದೆ.

ಅವನು ಅಂಗಿಯ ತುದಿಯಿಂದ ಒಂದು ಸುತ್ತು ಒರೆಸಿದ ಹಾಗೆ ಮಾಡಿದ. “ಪೂರ್ತಿ ಒರೆಸಬಾರದು ಆಂಟಿ. ದೇವರದು.”

ಎಚ್‌ಒಡಿ ಸರ್ ನನ್ನತ್ತ ತಿರುಗಿ, “ಮೇಡಂ, ನೀವು ಸ್ವಲ್ಪ ಉಪ್ಪಿಟ್ಟಿನ ಕಡೆ ನೋಡ್ಕೊಳ್ಳಿ,” ಅಂದರು. ನನ್ನ ಹಾಜರಾತಿಗೆ ಅವರು ಕಂಡುಕೊಂಡ ಉಪಯೋಗ ಅದು. ಬಡಿಸಿದೆ. ಮನೆಯಲ್ಲಿ ಮಾಡುವುದನ್ನು ಕಾಲೇಜಿನಲ್ಲೂ ಮಾಡಿಸಿಕೊಳ್ಳುವವರಿಗೆ ನನ್ನ ವಿದ್ಯಾಭ್ಯಾಸದ ಬಗ್ಗೆ ಭಾಷಣ ಮಾಡುವಾಗ ಮಾತ್ರ ಧ್ವನಿ ಗದ್ಗದವಾಗುತ್ತಿತ್ತು.

ತಟ್ಟೆಗಳ ರಾಶಿಯಿಂದ ತಲೆ ಎತ್ತಿದಾಗ ಕಂಡಿತು. ಹುಡುಗಿ ಲೀಡರ್‌ನ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಅಂಗಿಯ ಅಂಚನ್ನು ಎತ್ತಿ ಹೊಟ್ಟೆಯ ಮೇಲೆ ಗಂಟು ಹಾಕಲಾಗಿತ್ತು. ಅವಳ ಕೈಗಳು ಎಲ್ಲಿ ಹೋಗಬೇಕೆಂದು ಗೊತ್ತಾಗದೆ ಪ್ಯಾಂಟಿನ ಹೊಲಿಗೆಯನ್ನು ಹಿಡಿದುಕೊಂಡಿದ್ದವು.

“ಗಂಟು ಬಿಚ್ಚಮ್ಮ,” ಅಂದೆ. ಅಷ್ಟು ಸಾಕಿತ್ತು ಅವಳಿಗೆ, ಬಿಚ್ಚಿದಳು. ಅಷ್ಟರಲ್ಲಿ ಲೀಡರ್‌ನ ಮೊಬೈಲ್ ಚಿತ್ರ ತೆಗೆದಾಗಿತ್ತು.

“ಸುಮ್ನೆ ಫನ್‌ಗೆ ಆಂಟಿ. ಡಿಲೀಟ್ ಮಾಡ್ತೀನಿ.”

ಮಾಡಲಿಲ್ಲ.

ಮರುದಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಎಲ್ಲದರಲ್ಲೂ ಮೇಲಿನ ಎಡ ಮೂಲೆಯಿಂದ ನಡುವಿನವರೆಗೆ ಒಂದು ಕೆಂಪು ಮಬ್ಬು. ಹಬೆ ಹಿಡಿದ ಕನ್ನಡಿಯಲ್ಲಿ ನೋಡಿದ ಹಾಗೆ. ಆ ಮಬ್ಬಿನೊಳಗೆ ಹುಡುಗಿಯ ಒಂದು ಕಣ್ಣು ಮುಳುಗಿಹೋಗಿತ್ತು. ಬಿಸಿಲಿಗೆ ಮೂಗಿನ ಕೆಳಗೆ ಮೀಸೆಯಂಥ ನೆರಳು ಬೇರೆ.

“ಡ್ರೀಮಿ ಲುಕ್ ಇದು,” ಅಂದ ಲೀಡರ್.

“ಇದು ಕುಂಕುಮ ಕಣಪ್ಪ.”

“ನೋಡೋರಿಗೆ ಗೊತ್ತಾಗಲ್ಲ.”

ನೋಡುವವರಿಗೆ ಗೊತ್ತಾಗುವುದಿಲ್ಲ ಅನ್ನುವ ಒಂದೇ ನಂಬಿಕೆಯ ಮೇಲೆ ಅವನ ಇಡೀ ವೃತ್ತಿಜೀವನ ನಿಂತಿದೆ. ಬಹುಶಃ ಚೆನ್ನಾಗಿಯೇ ನಿಲ್ಲುತ್ತದೆ. ಮತ್ತೊಮ್ಮೆ ಫೋಟೊ ತೆಗೆಯೋಣ ಅಂದರೆ, ಮುಹೂರ್ತದ್ದನ್ನು ಬಿಟ್ಟು ಬೇರೆ ತೆಗೆದರೆ ಅಪಶಕುನ ಅಂದ. ವಿಭಾಗದ ಕ್ಯಾಮೆರಾವನ್ನು ನಾನೇ ಸಹಿ ಮಾಡಿ ತೆಗೆದುಕೊಂಡೆ.

ನಮ್ಮ ಮನೆಗೆ ಸುಣ್ಣ ಬಳಿದ ಹಳೆಯ ಕಾಂಪೌಂಡ್ ಗೋಡೆ ಇದೆ. ಬೆಳಗಿನ ಬಿಸಿಲು ಎದುರು ಮನೆಯ ತಾರಸಿ ದಾಟುವ ಮೊದಲು ಅಲ್ಲಿ ಮೃದುವಾದ ಬೆಳಕು ಬೀಳುತ್ತದೆ. ಆ ಹೊತ್ತಿಗೆ ಬಟ್ಟೆ ಒಣಗಹಾಕಲು ಹೋಗಿ ಹೋಗಿ ನನಗೆ ಗೊತ್ತು. ಹುಡುಗಿಯನ್ನು ಗೋಡೆಯಿಂದ ಒಂದು ಮಾರು ಮುಂದೆ ನಿಲ್ಲಿಸಿದೆ, ಹಿಂದೆ ನೆರಳು ಬೀಳದಿರಲಿ ಅಂತ. ತಲೆಯ ಮೇಲೆ ಪತ್ರಿಕೆಯ ಹೆಸರಿಗೆ ಜಾಗ ಬಿಟ್ಟು, ಸೊಂಟದವರೆಗೆ ಚೌಕಟ್ಟು ಕಟ್ಟಿದೆ. ಜಗುಲಿಯಲ್ಲಿ ಕೂತಿದ್ದ ನಮ್ಮ ಯಜಮಾನರು ಪೇಪರ್ ಇಳಿಸಿ, “ಏನೇ, ಬಸ್ ಇಲ್ಲಿಗೇ ಬರುತ್ತಾ?” ಅಂದರು. ಅವರ ಪಾಲಿಗೆ ನನ್ನ ಓದು ಅಂಥ ಹಾಸ್ಯಗಳಿಗೆ ಒಂದು ಅವಕಾಶ.

ಎಷ್ಟು ತೆಗೆದರೂ ಹುಡುಗಿ ಪಾಸ್‌ಪೋರ್ಟ್ ಫೋಟೊದ ಹಾಗೆ ನಿಲ್ಲುತ್ತಿದ್ದಳು. ಉಸಿರು ಹಿಡಿದು, ಗಲ್ಲ ಒಳಗೆಳೆದು.

“ಮನೆಯಲ್ಲಿ ನಿಮ್ಮಮ್ಮ ಹೇಗಿರ್ತಾರೆ?” ಅಂತ ಕೇಳಿದೆ.

“ಮನೇಲೂ ಬಸ್ಸಲ್ಲಿ ಇದ್ದಂಗೇ ಆಂಟಿ. ಅಡುಗೆಮನೆ ಬಾಗಿಲಲ್ಲಿ ನಾವು ನಿಂತಿದ್ರೆ…”

ತೋರಿಸಿದಳು. ಬಲಗೈ ಮೇಲಕ್ಕೆ ಹೋಗಿ ಇಲ್ಲದ ಕಂಬಿಯನ್ನು ಹಿಡಿಯಿತು. ಭುಜ ಸ್ವಲ್ಪ ವಾಲಿತು. ಕಣ್ಣು ನನ್ನನ್ನು ದಾಟಿ ಹಿಂದೆ ಯಾರೋ ಟಿಕೆಟ್ ತೆಗೆಯದೆ ಅವಿತು ಕೂತವರನ್ನು ಹುಡುಕಿತು. “ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ಏನು ಹುಣ್ಸೆಹಣ್ ಇಟ್ಟಿದ್ದಾರಾ.” ಯಜಮಾನರು ಜಗುಲಿಯಿಂದ ಎದ್ದು ನಿಂತುಬಿಟ್ಟರು. ನಾನು ಆಗ ಒತ್ತಿದೆ. ಒಂದೇ ಫೋಟೊ. ಮತ್ತೆ ತೆಗೆಯಲು ಹೋಗಲಿಲ್ಲ.

ಪುಟ ಕಟ್ಟಲು ಕೂತೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಚಾರ್ಟಿನ ನಾಲ್ಕೂ ಬದಿ ಅಂಚು ಬಿಡದಿದ್ದರೆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಏನೂ ಅನ್ನದೆ ಹಿಂದಕ್ಕೆ ಕೊಡುತ್ತಿದ್ದರು. ಬೈದಿದ್ದರೆ ಮರೆತುಹೋಗುತ್ತಿತ್ತು. ಕತ್ತರಿಸುವಾಗ ಬಿಳಿ ಗೆರೆ ಉಳಿಯದ ಹಾಗೆ ಚಿತ್ರವನ್ನು ಪುಟದ ಅಂಚಿನಿಂದ ಆಚೆಗೂ ಚಾಚಿದೆ. ಅಕ್ಷರಗಳನ್ನೆಲ್ಲ ಒಳಗೆ ತಂದೆ. ‘ಮೊದಲಾಟ’ವನ್ನು ಮೇಲೆ ಅಡ್ಡಲಾಗಿ ಹಾಕಿ, ಎತ್ತಿದ ಕೈಯನ್ನು ಮಾತ್ರ ಒಂದು ಅಕ್ಷರದ ಮುಂದೆ ಬರುವ ಹಾಗೆ ಇಟ್ಟೆ, ಆಗ ಅವಳು ಪತ್ರಿಕೆಯ ಹೆಸರನ್ನೇ ಕಂಬಿಯ ಹಾಗೆ ಹಿಡಿದಂತೆ ಕಂಡಿತು. ಲ್ಯಾಬಿನ ಹಳೆಯ ಸಾಫ್ಟ್‌ವೇರ್ ಕನ್ನಡದ ಒತ್ತಕ್ಷರಗಳನ್ನು ಬಿಡಿಸಿ ಪಕ್ಕಕ್ಕೆ ಚೆಲ್ಲುತ್ತಿತ್ತು. ‘ಟ್ರಿಪ್ಪು’ ಪದ ಅಪಘಾತವಾದ ಬಸ್ಸಿನ ಹಾಗೆ ಬಿದ್ದಿತ್ತು. ಬೇರೆ ಫಾಂಟಿಗೆ ಬದಲಾಯಿಸಿ, ಒಂದೊಂದು ಸಾಲನ್ನೂ ಮತ್ತೆ ಓದಿ ಸರಿಮಾಡಿದೆ. ಕೆಳಗೆ ಮೂರೇ ಶೀರ್ಷಿಕೆ. ಉಳಿದ ಜಾಗ ಗೋಡೆಯ ಬಿಳಿ.

ಆ ಹೊತ್ತಿಗೆ ಲೀಡರ್‌ನಿಂದ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ‘ಫೈನಲ್ ಡಿಸೈನ್. ಇದನ್ನ ಪ್ರಿಂಟ್ ರೆಡಿ ಮಾಡಿಕೊಡಿ ಆಂಟಿ.’

ಅದು ಮುಖಪುಟ ಅನ್ನಲು ನನಗೆ ಈಗಲೂ ಸಂಕೋಚ. ಎಡಕ್ಕೆ ಲೀಡರ್‌ನ ಮುಖ, ಕೆನ್ನೆಯ ಮೇಲೆ ಕಂಪ್ಯೂಟರಿನಲ್ಲಿ ಬರೆದ ರಕ್ತದ ಗೆರೆ. ನಡುವೆ ಹುಡುಗಿ, ಗಂಟು ಕಟ್ಟಿದ ಖಾಕಿ ಅಂಗಿ, ಕಪ್ಪು ಕನ್ನಡಕ, ಕಾಣುವ ಸೊಂಟ. ಭುಜದ ಪಟ್ಟಿಯ ಮೇಲೆ ಸಾರಿಗೆ ಸಂಸ್ಥೆಯ ಅಕ್ಷರಗಳು ಓದುವಷ್ಟು ಸ್ಪಷ್ಟ. ಹಿಂದೆ ಬೆಂಕಿ. ಬಲಗಡೆ ಮೇಲಿನ ಮೂಲೆಯ ದುಂಡು ಚೌಕಟ್ಟಿನಲ್ಲಿ ಎಚ್‌ಒಡಿ ಸರ್ ಕೈಮುಗಿದಿದ್ದರು. ಕೆಳಗೆ ಸಾಲಾಗಿ ಗೆಳೆಯರ ದುಂಡು ಮುಖಗಳು. ಹಾರೈಸುವವರು ಅಂತ ಬರೆದಿತ್ತು. ಯಾರ ಗೆಲುವನ್ನು ಹಾರೈಸುತ್ತಿದ್ದರೋ ತಿಳಿಯದು. ಅವನಿಗೆ ಗೊತ್ತಿದ್ದ ವಿನ್ಯಾಸ ಅದೊಂದೇ: ರಸ್ತೆ ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸು.

ಫೋನ್ ಮಾಡಿದೆ. “ಆ ಫೋಟೊ ಅಳಿಸ್ತೀನಿ ಅಂದಿದ್ದೆ.”

“ಅದರಲ್ಲೇ ಮಾಸ್ ಇರೋದು ಆಂಟಿ. ಪ್ರಾಜೆಕ್ಟ್ ಒಪ್ಪಿಸೋ ದಿನ ಇದನ್ನೇ ಹತ್ತು ಅಡಿ ಬ್ಯಾನರ್ ಮಾಡಿ ಗೇಟ್ ಮೇಲೆ ಹಾಕಿಸ್ತೀನಿ.”

“ಅವಳ ತಾಯಿಗೆ ಕೆಲಸ ಹೋಗುತ್ತೆ ಕಣೋ. ಅವರ ಬಸ್ ಅದೇ ಗೇಟಿನ ಮುಂದೆ ಹೋಗೋದು.”

“ನೋಡಿದ್ರೆ ಖುಷಿ ಪಡ್ತಾರೆ ಬಿಡಿ. ಮಗಳು ಹೀರೋಯಿನ್. ನೀವು ಸ್ವಲ್ಪ ಓಲ್ಡ್ ಸ್ಕೂಲು.”

ಪ್ರಿಂಟ್ ರೆಡಿ ಮಾಡಿಕೊಡುವುದಿಲ್ಲ ಅಂದರೆ ಫ್ಲೆಕ್ಸ್ ಅಂಗಡಿಗೆ ಹೋಗಿ ತಾನೇ ಮಾಡಿಸುತ್ತೇನೆ ಅಂದ. ಮಾಡಿಸುತ್ತಿದ್ದ. ನನ್ನ ಹಟದಿಂದ ನನ್ನ ಕೈ ತೊಳೆದುಕೊಂಡ ಹಾಗಾಗುತ್ತಿತ್ತು, ಆ ತಾಯಿಗೆ ಏನೂ ಉಪಯೋಗ ಆಗುತ್ತಿರಲಿಲ್ಲ. ಹುಡುಗಿ ಲ್ಯಾಬಿನ ಹೊರಗೆ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅಮ್ಮಂಗೆ ಹೇಳ್ಬೇಡಿ ಆಂಟಿ,” ಅಂದಳು. ಅವಳು ತಾನೇ ಮೆಸೇಜ್ ಮಾಡಿ ಅಳಿಸು ಅಂತ ಕೇಳಿದ್ದಳಂತೆ. ಅವನು ನಗುವ ಮುಖದ ಚಿಹ್ನೆ ಕಳಿಸಿದ್ದನಂತೆ.

ಎಚ್‌ಒಡಿ ಸರ್ ಹತ್ತಿರ ಹೋದೆ. ಅವರು ಮುಹೂರ್ತದ ಫೋಟೊಗಳಲ್ಲಿ ತಮ್ಮನ್ನು ಹುಡುಕಿ, ಬೆರಳಿನಿಂದ ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. ತಾಯಿಯ ಮೆಮೊ, ಷರತ್ತು, ನಾನು ಕೊಟ್ಟ ಮಾತು ಎಲ್ಲವನ್ನೂ ಹೇಳಿದೆ.

“ಸಿನಿಮಾ ಅಂದಮೇಲೆ ಅದೆಲ್ಲ ಇರುತ್ತೆ ಮೇಡಂ. ಹುಡುಗರ ಕ್ರಿಯೇಟಿವಿಟಿ. ಅಡ್ಜಸ್ಟ್ ಮಾಡ್ಕೊಳ್ಳಿ.”

“ಆ ಚಿತ್ರ ನೀವು ನೋಡಿದ್ದೀರಾ ಸರ್?”

“ನೋಡಿದೆ, ತೋರಿಸಿದ. ಮೇಲುಗಡೆ ನನ್ನ ಫೋಟೊ ಹಾಕಿದ್ದಾನೆ. ಹುಡುಗನಿಗೆ ಗುರುಭಕ್ತಿ ಇದೆ.”

ಮೇಲುಗಡೆ ಮಾತ್ರ ನೋಡಿದ್ದರು. ಮೊಬೈಲಿನ ಪರದೆಯಲ್ಲಿ ತಮ್ಮ ದುಂಡು ಮುಖದಿಂದ ಕೆಳಕ್ಕೆ ಅವರ ದೃಷ್ಟಿ ಇಳಿದೇ ಇರಲಿಲ್ಲ. ವರಾಂಡದಲ್ಲಿ ನಡೆದು ಬರುವಾಗ ನನಗೆ ಆ ಸಂಗತಿ ಸ್ಪಷ್ಟವಾಯಿತು. ಈ ಇಬ್ಬರೂ ಆ ಪುಟದಲ್ಲಿ ತಮ್ಮನ್ನು ಬಿಟ್ಟು ಬೇರೆ ಏನನ್ನೂ ನೋಡಿಲ್ಲ, ನೋಡುವುದೂ ಇಲ್ಲ. ನನ್ನ ಮಾತಿನಿಂದ ಆಗದ್ದು ವಿನ್ಯಾಸದಿಂದ ಆಗಬಹುದು.

ಮೊದಲು ಹುಡುಗಿಯನ್ನು ಕೇಳಿದೆ. “ಆ ಫೋಟೊವನ್ನು ಇನ್ನೊಂದು ಸಲ ಒಬ್ಬರಿಗೆ ತೋರಿಸಬೇಕಾಗತ್ತೆ. ಬೇಡ ಅಂದರೆ ಬೇಡ.” “ತೋರಿಸಿ ಆಂಟಿ, ಬ್ಯಾನರ್ ಮಾತ್ರ ಆಗೋದು ಬೇಡ,” ಅಂದಳು.

ಆಮೇಲೆ ಲೀಡರ್‌ನ ಮಹಾಕೃತಿಯನ್ನು ತೆರೆದು, ಅವನು ಕೇಳಿದ ಹಾಗೆಯೇ ಪ್ರಿಂಟ್ ರೆಡಿ ಮಾಡಿದೆ. ಅಳತೆ ಸರಿಪಡಿಸಿದೆ, ಕುಲುಕಿದ ಅಕ್ಷರಗಳನ್ನು ಸಾಲಿಗೆ ತಂದೆ. ಒಂದೇ ಒಂದು ಬದಲಾವಣೆ ನನ್ನದು. ಪತ್ರಿಕೆಯ ಹೆಸರಿಗೆ ಮೇಲೆ ಅಡ್ಡಲಾಗಿ ಪೂರ್ತಿ ಜಾಗ ಬೇಕು ಅನ್ನುವುದು ವಿನ್ಯಾಸದ ನಿಯಮ. ಆದ್ದರಿಂದ ಬಲ ಮೂಲೆಯ ಎಚ್‌ಒಡಿ ಸರ್ ಅವರನ್ನು ಹಿಡಿದು ಕೆಳಕ್ಕೆ ಎಳೆದು, ಹುಡುಗಿಯ ಅಂಗಿಯ ಗಂಟಿನ ಪಕ್ಕದಲ್ಲಿಟ್ಟೆ. ಮುಗಿದ ಕೈಗಳು ಸರಿಯಾಗಿ ಸೊಂಟದ ದಿಕ್ಕಿಗೆ ಬಂದವು. ಚಿತ್ರವನ್ನು ಸ್ವಲ್ಪ ದೊಡ್ಡದೂ ಮಾಡಿದೆ, ಗೌರವಕ್ಕೆ.

ಲೀಡರ್‌ಗೆ ಕಳಿಸಿದೆ. ‘ನೋಡಿ ಒಪ್ಪಿಗೆ ಹೇಳು’ ಅಂತ ಬರೆದೆ.

‘ಸೂಪರ್ ಆಂಟಿ. ನನ್ನ ಜಾ ಲೈನ್ ಇನ್ನೂ ಸ್ವಲ್ಪ ಶಾರ್ಪ್ ಮಾಡಿ. ಉಳಿದಿದ್ದು ಓಕೆ.’

ದವಡೆಯನ್ನು ಚೂಪು ಮಾಡಿದೆ.

ದೇವರಾಜ ಮೊಹಲ್ಲಾದ ಒಂದು ಕಿರಿದಾದ ಮಹಡಿ ಮೇಲೆ ನಮಗೆ ಅಚ್ಚು ಮಾಡಿಕೊಡುವ ಅಂಗಡಿ ಇದೆ. ಅಲ್ಲಿ ಎರಡು ಹಾಳೆ ಪ್ರೂಫ್, ಅಂದರೆ ಮಾದರಿ ಅಚ್ಚು, ತೆಗೆಸಿದೆ. ಒಂದು ಲೀಡರ್‌ನದು, ಇನ್ನೊಂದು ನನ್ನದು. ಮೊದಲನೆಯದನ್ನು ಎಚ್‌ಒಡಿ ಸರ್ ಮೇಜಿನ ಮೇಲೆ ಹರಡಿದೆ.

“ಸರ್, ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಸಹಿ ಬೇಕಿತ್ತು. ಇದೇ ಗೇಟಿನ ಮೇಲೆ ಬ್ಯಾನರ್ ಆಗುತ್ತಂತೆ. ಹತ್ತು ಅಡಿ.”

ಅವರು ಮೊದಲು ಮೂಲೆಯನ್ನು ನೋಡಿದರು. ಅಲ್ಲಿ ತಾವಿರಲಿಲ್ಲ. ಆತಂಕದಿಂದ ಹುಡುಕುತ್ತ ಕೆಳಗೆ ಬಂದು, ತಮ್ಮನ್ನು ಕಂಡುಕೊಂಡು ಮುಗುಳ್ನಕ್ಕರು. ಆಮೇಲೆ ದೃಷ್ಟಿ ಒಂದು ಅಂಗುಲ ಎಡಕ್ಕೆ ಸರಿಯಿತು. ನಗು ಹಾಗೇ ಇತ್ತು, ಅದರ ಒಳಗಿನ ಮನುಷ್ಯ ಎದ್ದು ಹೋಗಿದ್ದ.

“ಇದೇನ್ರೀ ಇದು?”

“ಯಾವುದು ಸರ್?”

“ನನ್ನ ಫೋಟೊ ಇಲ್ಲಿ… ಇದರ ಪಕ್ಕ…”

“ಸೊಂಟದ ಪಕ್ಕ ಸರ್. ಸಿನಿಮಾ ಅಂದಮೇಲೆ ಅದೆಲ್ಲ ಇರುತ್ತೆ.”

“ನಮ್ಮ ಮನೆಯವರು ಈ ರಸ್ತೆಯಲ್ಲೇ ದೇವಸ್ಥಾನಕ್ಕೆ ಹೋಗ್ತಾರೆ ಕಣ್ರೀ.”

“ಹೌದಾ ಸರ್. ಲೀಡರ್ ಒಪ್ಪಿಗೆ ಕೊಟ್ಟಿದ್ದಾನೆ,” ಅಂದು ಮೊಬೈಲಿನ ಮೆಸೇಜ್ ತೋರಿಸಿದೆ.

ಆಮೇಲೆ ಆದದ್ದೆಲ್ಲ ಒಂದು ಚಹಾ ಆರುವಷ್ಟರಲ್ಲಿ ಆಯಿತು. ಲೀಡರ್‌ಗೆ ಕರೆ ಹೋಯಿತು. ಅವರ ಕಣ್ಣೆದುರೇ ಮೊಬೈಲಿನಿಂದ, ಲ್ಯಾಬಿನ ಕಂಪ್ಯೂಟರಿನಿಂದ ಆ ಫೋಟೊ ಹೋಯಿತು. ಬ್ಯಾನರ್ ರದ್ದಾಯಿತು. ಹೆಣ್ಣುಮಕ್ಕಳ ಗೌರವ, ಸಮವಸ್ತ್ರದ ಘನತೆ, ಸಂಸ್ಥೆಯ ಸಂಸ್ಕೃತಿ ಅಂತ ಸರ್ ನಿಂತುಕೊಂಡೇ ಒಂದು ಉಪನ್ಯಾಸ ಕೊಟ್ಟರು. ನಾನು ಹಿಂದಿನ ಸಲ ಹೇಳಿದ್ದ ಮಾತುಗಳೇ. ಬಾಯಿ ಮಾತ್ರ ಅವರದು. ಒಬ್ಬ ಹೆಂಗಸಿನ ಕೆಲಸ ಹೋಗುತ್ತದೆ ಅಂದಾಗ ಕುರ್ಚಿಯಿಂದ ಏಳದವರು, ತಮ್ಮ ದುಂಡು ಫೋಟೊ ಜಾರಿದ್ದಕ್ಕೆ ಎದ್ದರು. ಅಂಥವರಿಂದ ಕೆಲಸ ಮಾಡಿಸಿಕೊಂಡೆನಲ್ಲ ಅಂತ ನನಗೆ ಬೇಸರವಾಗಲಿಲ್ಲ. ಕೊಳೆ ನೀರಿನಲ್ಲೂ ನೆಲ ಒರೆಸುವ ಮೊದಲ ಸುತ್ತು ಮುಗಿಯುತ್ತದೆ.

“ಡೀಸೆಂಟ್ ಆಗಿರೋದು ಇನ್ನೊಂದು ಇಲ್ವಾ?” ಅಂದರು. ನನ್ನ ಪ್ರೂಫ್ ಮುಂದಿಟ್ಟೆ. ಅದರಲ್ಲಿ ತಾವು ಎಲ್ಲೂ ಇಲ್ಲ ಅನ್ನುವುದನ್ನು ಎರಡು ಸಲ ಖಾತ್ರಿ ಮಾಡಿಕೊಂಡು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಲೀಡರ್ ಅಂದ, “ಬೇಕೂಂತ ಮಾಡಿದ್ರಿ ಅಲ್ವಾ ಆಂಟಿ?”

“ಓಕೆ ಅಂದಿದ್ದು ನೀನಲ್ವೇನಪ್ಪ.”

“ನಾನು ನನ್ನ ಸೈಡ್ ಮಾತ್ರ ನೋಡಿದ್ದು.”

“ಗೊತ್ತು,” ಅಂದೆ.

ಪ್ರೂಫಿನಲ್ಲಿ ಒಂದು ತೊಂದರೆ ಕಂಡಿತ್ತು. ಪರದೆಯ ಮೇಲಿನ ಖಾಕಿ ಕಾಗದದ ಮೇಲೆ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಕಂಡಕ್ಟರ್ ಹೋಗಿ ಅರಣ್ಯ ಇಲಾಖೆಯವಳಾಗಿದ್ದಳು. ಅಚ್ಚಿನ ನಾಲ್ಕು ಬಣ್ಣಗಳಲ್ಲಿ ನೀಲಿಯನ್ನು ಇಳಿಸಿ, ಕೆಂಪನ್ನು ಒಂದಿಷ್ಟೇ ಏರಿಸಿ, ಹುಡುಗಿಯ ಕೆನ್ನೆ ಕೆಡದ ಹಾಗೆ ಬಟ್ಟೆಯನ್ನು ಮಾತ್ರ ಬೇರೆ ಮಾಡಿ ತಿದ್ದಿದೆ. ನಿಜವಾದ ಅಂಗಿಯನ್ನೇ ಚೀಲದಲ್ಲಿ ಒಯ್ದು, ಮಹಡಿಯ ಕಿಟಕಿಯ ಬೆಳಕಿನಲ್ಲಿ ಹಾಳೆಯ ಪಕ್ಕ ಹಿಡಿದು ನೋಡುತ್ತಿದ್ದೆ. ಬಲ ಭುಜದ ಮಾಸಿದ ಜಾಗ ಕೂಡ ಬಂದ ಮೇಲೆ ಸಾಕು ಅಂದೆ.

ವೈವಾದ ದಿನ ಹೊರಗಿನ ಪರೀಕ್ಷಕರು ಮುಖಪುಟವನ್ನು ತುಂಬ ಹೊತ್ತು ಹಿಡಿದು ನೋಡಿದರು. ಎಚ್‌ಒಡಿ ಸರ್ ಪಕ್ಕದಿಂದ, “ಹೆಜ್ಜೆ ಹೆಜ್ಜೆಗೂ ನಾನೇ ಗೈಡ್ ಮಾಡಿದ್ದು,” ಅಂದರು. ಲೀಡರ್, ಕಾನ್ಸೆಪ್ಟ್ ತನ್ನದು ಅಂದ. ಯಾರು ಏನು ಮಾಡಿದಿರಿ ಅಂತ ನನ್ನನ್ನು ಕೇಳಿದಾಗ, ಫೋಟೊ ಮತ್ತು ಪುಟ ನನ್ನದು, ಮುಖ ಇವಳದು ಅಂತ ಹುಡುಗಿಯನ್ನು ತೋರಿಸಿದೆ. ಮೂವರಿಗೂ ಒಳ್ಳೆಯ ಅಂಕ ಬಂತು. ಲೀಡರ್ ಆ ಮುಖಪುಟವನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡಿದ್ದಾನೆ. ಅವನ ಹೆಸರು ಅದರಲ್ಲಿ ಎಲ್ಲೂ ಇಲ್ಲ ಅನ್ನುವುದನ್ನು ಇನ್ನೂ ಗಮನಿಸಿಲ್ಲ.

ಯೂನಿಫಾರಂ ಒಗೆದು ಇಸ್ತ್ರಿ ಮಾಡಿ, ಮುಖಪುಟದ ಒಂದು ಪ್ರತಿಯ ಜೊತೆ ಸಿಟಿ ಬಸ್ ಸ್ಟ್ಯಾಂಡಿಗೆ ತೆಗೆದುಕೊಂಡು ಹೋದೆ. ಟ್ರಿಪ್ಪುಗಳ ನಡುವೆ ಬಸ್ಸು ನಿಂತಿತ್ತು. ತಾಯಿ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಬಟ್ಟೆಯ ಮಡಿಕೆಯನ್ನು ಪರೀಕ್ಷಿಸಿ ಸೀಟಿನ ಮೇಲಿಟ್ಟರು. ಆಮೇಲೆ ಪತ್ರಿಕೆ ಬಿಡಿಸಿದರು.

“ಗಂಟಿಲ್ಲ,” ಅಂದರು. “ಕನ್ನಡಕ ಇಲ್ಲ. ಗುಂಡಿ ಹಾಕವ್ಳೆ.” ಬೆರಳು ಒಂದೊಂದು ಷರತ್ತಿನ ಮೇಲೂ ನಿಂತು ಮುಂದೆ ಹೋಯಿತು. “ಮಾತು ಉಳಿಸ್ಕಂಡ್ರಿ ಮೇಡಂ.”

ಹಿಗ್ಗಿದೆ ಅನ್ನುವುದನ್ನು ಯಾಕೆ ಮುಚ್ಚಿಡಲಿ. ಅಷ್ಟು ದಿನ ಯಾರ ಹೊಗಳಿಕೆಯನ್ನೂ ಬಯಸದಿದ್ದವಳು ಅವರ ಬಾಯಿಂದ ಇನ್ನೊಂದು ಮಾತು ಬರಲಿ ಅಂತ ಕಾದೆ.

ಅವರ ಬೆರಳು ಎತ್ತಿದ ಕೈಯ ಹತ್ತಿರ ಹೋಯಿತು. ವಾಲಿದ ಭುಜದ ಹತ್ತಿರ ಬಂತು. ಮಗಳ ಕಣ್ಣುಗಳ ಹತ್ತಿರ ಬಂದು ನಿಂತಿತು. ಡ್ರೈವರ್ ಹತ್ತಿ ಕೂತು ಎಂಜಿನ್ ಶುರು ಮಾಡಿದ.

“ಇದನ್ನ ಹಾಕ್ಕಬಾರದು ಅಂತ್ಲೇ ಅವಳನ್ನ ಓದಿಸ್ತಿರೋದು ಕಣಮ್ಮ,” ಅಂದರು. “ಇಷ್ಟು ಒಪ್ತದೆ ಅಂತ ಗೊತ್ತಿದ್ರೆ ಕೊಡ್ತಾನೇ ಇರ್ಲಿಲ್ಲ.”

ಪತ್ರಿಕೆಯನ್ನು ಮಡಿಸದೆ, ಅಂಚು ಮುದುಡದ ಹಾಗೆ ಎರಡು ಕೈಯಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟು, ಬಾಗಿಲಲ್ಲಿ ನಿಂತು ಸೀಟಿ ಊದಿದರು.